ತೋಟದ ಪೊಟರೆಯ ತುಡುವೆ ಜೇನನ್ನು ಪೆಟ್ಟಿಗೆಗೆ ತರುವ ಬಗೆ

ಮರಕಸಿಯ ಕಾಲದಲ್ಲಿ, ಹಳೆಯ ಮರಗಳನ್ನು ಉರುಳಿಸುವಾಗ, ಲೈನ್ ಮನೆಗಳ ಗೋಡೆ ರಿಪೇರಿ ಮಾಡುವಾಗ ನಮ್ಮ ತೋಟಗಳಲ್ಲಿ ತುಡುವೆ ಜೇನಿನ ಗೂಡುಗಳು ಕಣ್ಣಿಗೆ ಬೀಳುತ್ತವೆ. ಹೆಚ್ಚಿನ ಕಡೆ ಅವುಗಳ ಗತಿ ಒಂದೇ. ಸಂಜೆ ಸೂಡಿಗೆ ಬೆಂಕಿ ಹಚ್ಚಿ ಪೊಟರೆಯ ಬಾಯಿಗೆ ಹಿಡಿಯುವುದು, ಒಂದೋ ಎರಡೋ ಬಾಟಲಿ ತುಪ್ಪ ಹಿಂಡಿಕೊಳ್ಳುವುದು, ಮರಿಗಳಿರುವ ಎರಿಯನ್ನು ನೆಲಕ್ಕೆಸೆಯುವುದು. ಒಂದು ಬಾಟಲಿ ತುಪ್ಪಕ್ಕಾಗಿ ವರ್ಷಗಟ್ಟಲೆ ತೋಟದ ಸೇವೆ ಮಾಡಬಲ್ಲ ಒಂದು ಕುಟುಂಬ ಹೀಗೆ ಒಂದೇ ಸಂಜೆಯಲ್ಲಿ ನಾಶವಾಗುತ್ತದೆ. ಅದೇ ಗೂಡನ್ನು ಸುಡದೆ ಪೆಟ್ಟಿಗೆಗೆ ಇಳಿಸಿಕೊಳ್ಳುವುದು ಹೇಗೆ ಎಂದು ಹೊಸದಾಗಿ ಜೇನು ಸಾಕಲು ಬಯಸುವ ಸದಸ್ಯರು ಕೇಳುತ್ತಾರೆ. ಅಂಥವರಿಗಾಗಿ ಈ ಲೇಖನ.

ಯಾವ ಜೇನು, ಯಾಕೆ?

ನಮ್ಮ ಸೀಮೆಯಲ್ಲಿ ಎತ್ತರದ ಮರಗಳಿಗೂ ಬಂಡೆಗಳಿಗೂ ಒಂದೇ ದೊಡ್ಡ ಎರಿ ಕಟ್ಟುವ ಹೆಜ್ಜೇನು, ಪೊದೆಯ ಕಡ್ಡಿಗೆ ಸಣ್ಣ ಎರಿ ಕಟ್ಟುವ ಕೋಲುಜೇನು, ಪೊಟರೆ, ಹುತ್ತ, ಗೋಡೆಯ ಸಂದುಗಳಲ್ಲಿ ಸಾಲಾಗಿ ಹಲವು ಎರಿ ಕಟ್ಟುವ ತುಡುವೆ, ಚುಚ್ಚಲು ಬಾರದ ಪುಟ್ಟ ಮುಜಂಟಿ ಎಂಬ ನಾಲ್ಕು ಬಗೆಗಳಿವೆ. ಇವುಗಳಲ್ಲಿ ಚೌಕಟ್ಟಿನ ಪೆಟ್ಟಿಗೆಗೆ ಒಗ್ಗುವುದು ಕತ್ತಲೆಯಲ್ಲಿ ಹಲವು ಎರಿ ಕಟ್ಟುವ ತುಡುವೆ ಮಾತ್ರ. ಹೆಜ್ಜೇನನ್ನು ಪೆಟ್ಟಿಗೆಯಲ್ಲಿ ಸಾಕಲು ಬರುವುದಿಲ್ಲ. ಅದರ ಗುಂಪು ಎರಗಿದರೆ ಪ್ರಾಣಾಪಾಯವೂ ಉಂಟು. ಹೊಸಬರು ಅದರ ಹತ್ತಿರ ಸುಳಿಯಬಾರದು.

ಜೇನಿನಿಂದ ಬೆಳೆಗೆ ಆಗುವ ಲಾಭವನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಅರೇಬಿಕಾ ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ರೊಬಸ್ಟಾ ಹಾಗಲ್ಲ, ಅದಕ್ಕೆ ಬೇರೆ ಗಿಡದ ಪರಾಗ ಬೇಕೇ ಬೇಕು. ಅದನ್ನು ತರುವುದು ಗಾಳಿ ಮತ್ತು ಜೇನು. ಏಲಕ್ಕಿ ಬೆಳೆಯುವವರಿಗಂತೂ ಜೇನು ಅತ್ಯವಶ್ಯಕ. ಅಡಿಕೆಗೆ ಪರಾಗ ಒಯ್ಯುವುದು ಮುಖ್ಯವಾಗಿ ಗಾಳಿಯೇ. ಜೇನು ಹಿಂಗಾರಕ್ಕೆ ಬರುವುದು ತನ್ನ ಮರಿಗಳಿಗೆ ಪರಾಗ ಒಯ್ಯಲು. ಆದುದರಿಂದ ಅಡಿಕೆ ತೋಟ ಜೇನಿಗೆ ಆಧಾರ, ಜೇನು ಕಾಫಿ–ಏಲಕ್ಕಿಗಳಿಗೆ ಆಧಾರ ಎಂದು ತಿಳಿದರೆ ಸರಿಯಾದೀತು.

ಯಾವ ಗೂಡನ್ನು ತರಬೇಕು, ಯಾವುದನ್ನು ಬಿಡಬೇಕು?

ಈ ಪ್ರಶ್ನೆ ಕೆಲಸದ ವಿಧಾನಕ್ಕಿಂತಲೂ ಮುಖ್ಯ. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದಲ್ಲಿ ಹಬ್ಬಿ, ಕೊಡಗು, ಮಲೆನಾಡು, ಕರಾವಳಿಗಳ ತುಡುವೆ ಪೆಟ್ಟಿಗೆಗಳಲ್ಲಿ ಬಹುಪಾಲು ಖಾಲಿಯಾದವು. ಇಂದು ನಮ್ಮ ಕಾಡು–ತೋಟಗಳಲ್ಲಿರುವುದು ಆ ಮಾರಿಯಿಂದ ಉಳಿದುಕೊಂಡ ಕುಟುಂಬಗಳ ಸಂತತಿ. ಯಾರ ಆರೈಕೆಯೂ ಇಲ್ಲದೆ ಪೊಟರೆಯಲ್ಲಿ ಬದುಕಿರುವ ಗೂಡು ನಮ್ಮ ಬೀಜದ ಕಣಜವಿದ್ದಂತೆ. ಬಿತ್ತನೆಯ ಬೀಜವನ್ನೇ ಅಳೆದು ಉಣ್ಣುವವನು ಮುಂದಿನ ವರ್ಷ ಏನು ಬಿತ್ತಿಯಾನು?

ಆದುದರಿಂದ ಪೊಟರೆಯಲ್ಲಿದ್ದರೆ ಉಳಿಯಲಾರದ ಗೂಡನ್ನು ಮಾತ್ರ ತರಬೇಕೆಂಬುದು ನಮ್ಮ ಸಲಹೆ. ಕಡಿಯಲೇಬೇಕಾದ ಅಥವಾ ಗಾಳಿಗೆ ಬಿದ್ದ ಮರದಲ್ಲಿರುವುದು, ಜನ ಓಡಾಡುವ ಲೈನ್ ಮನೆ, ಪಂಪುಶೆಡ್ಡು, ಶಾಲೆಯ ಗೋಡೆಯಲ್ಲಿರುವುದು, ಕೆಡವಬೇಕಾದ ಕಲ್ಲುಕಟ್ಟೆಯಲ್ಲಿರುವುದು ಇವನ್ನು ತರಬಹುದು. ತೋಟದ ಮೂಲೆಯ ಹಳೆಯ ಮರದಲ್ಲಿ ಯಾರಿಗೂ ತೊಂದರೆ ಕೊಡದೆ ಇರುವ ಗೂಡನ್ನು ಹಾಗೆಯೇ ಬಿಡಬೇಕು. ಅದು ಇದ್ದಲ್ಲಿಂದಲೇ ಪರಾಗ ಸ್ಪರ್ಶ ಮಾಡುತ್ತದೆ, ಪಾಲಾದಾಗ ನಮಗೆ ಹೊಸ ಕುಟುಂಬವನ್ನೂ ಕೊಡುತ್ತದೆ. ಮೀಸಲು ಅರಣ್ಯದ ಮರಕ್ಕೆ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಕೈ ಹಾಕಲೇಬಾರದು.

ರೋಗದ ಗೂಡನ್ನೂ ತರಬಾರದು. ಸತ್ತ ಮರಿಹುಳುಗಳು ಕೋಣೆಯಲ್ಲಿ ಬೆನ್ನ ಮೇಲೆ ನೇರವಾಗಿ ಚಾಚಿಕೊಂಡು, ತಲೆಯ ತುದಿ ಮೇಲಕ್ಕೆದ್ದು, ಎತ್ತಿದರೆ ನೀರು ತುಂಬಿದ ಚೀಲದಂತೆ ಬರುತ್ತಿದ್ದರೆ ಅದೇ ಸ್ಯಾಕ್‌ಬ್ರೂಡ್. ಇದಕ್ಕೆ ಗುಣಪಡಿಸುವ ಔಷಧಿ ಇಲ್ಲ. ಅಂಥ ಎರಿಯನ್ನು ಮುಟ್ಟಿದ ಕೈ, ಚಾಕುಗಳನ್ನು ತೊಳೆಯದೆ ಬೇರೆ ಪೆಟ್ಟಿಗೆ ತೆರೆಯಬಾರದು.

ಕಾಲ

ಮಳೆಗಾಲದಲ್ಲಿ, ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮಲೆನಾಡಿನಲ್ಲಿ ಜೇನಿಗೆ ಬರಗಾಲ. ಆಗ ಗೂಡು ಕಿತ್ತರೆ ಕುಟುಂಬ ಚೇತರಿಸಿಕೊಳ್ಳುವುದು ಕಷ್ಟ. ಮಳೆ ನಿಂತು ಹೂಗಳು ಕಾಣಿಸಿಕೊಳ್ಳುವ ಅಕ್ಟೋಬರ್ ಕೊನೆಯಿಂದ ಜನವರಿಯವರೆಗಿನ ಅವಧಿ ಒಳ್ಳೆಯದು.

ಕಾಫಿ ಹೂವಿನ ಹೊತ್ತಿಗೆ ಕುಟುಂಬ ಬಲವಾಗಿರಬೇಕೆಂದರೆ ಒಂದು ಸಣ್ಣ ಲೆಕ್ಕ ಹಾಕಬೇಕು. ರಾಣಿ ಇಟ್ಟ ಮೊಟ್ಟೆ ಕೆಲಸಗಾರ ಜೇನಾಗಿ ಹೊರಬರಲು ಸುಮಾರು 20 ದಿನ ಬೇಕು. ಹೊರಬಂದ ಜೇನು ಮೊದಲ ಎರಡು ಮೂರು ವಾರ ಗೂಡಿನೊಳಗಿನ ಕೆಲಸ ಮಾಡಿ, ಆಮೇಲೆ ಹೂವಿಗೆ ಹೋಗುತ್ತದೆ. ಅಂದರೆ ಇಂದು ಇಟ್ಟ ಮೊಟ್ಟೆ ಹೂವಿನ ಮೇಲೆ ಕೂರುವುದು ಆರು ವಾರಗಳ ನಂತರ. ಫೆಬ್ರವರಿ–ಮಾರ್ಚ್‌ನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಗಳಲ್ಲಿ ಕಾಫಿ ಅರಳಿದಾಗ ಅದು ಕೆಲವೇ ದಿನಗಳ ಹೂವು. ಆ ದಿನಗಳಿಗಾಗಿ ಕುಟುಂಬ ಡಿಸೆಂಬರ್ ಒಳಗೆ ಪೆಟ್ಟಿಗೆಯಲ್ಲಿ ನೆಲೆಯೂರಿರಬೇಕು. ಹೂವು ಅರಳಿದ ಮೇಲೆ ಜೇನು ಹುಡುಕಲು ಹೊರಡುವುದು ಬಾಯಾರಿದಾಗ ಬಾವಿ ತೋಡಿದಂತೆ.

ಸಿದ್ಧತೆ

ಪೆಟ್ಟಿಗೆಯನ್ನು ಮೊದಲೇ ತಂದಿಟ್ಟುಕೊಂಡಿರಬೇಕು. 1910ರ ದಶಕದಲ್ಲಿ ತಿರುಚಿರಾಪಳ್ಳಿಯ ಕಡೆ ಫಾದರ್ ನ್ಯೂಟನ್ ಎಂಬ ಪಾದ್ರಿಗಳು ನಮ್ಮ ದೇಶದ ಸಣ್ಣ ಜೇನಿಗೆ ಹೊಂದುವ ಪೆಟ್ಟಿಗೆಯನ್ನು ರೂಪಿಸಿದರು. ಇಂದಿಗೂ ನಾವು ಬಳಸುವುದು ಬಹುಮಟ್ಟಿಗೆ ಅದರ ಮಾದರಿಯನ್ನೇ. ಭಾರತೀಯ ಮಾನಕದ 'ಎ' ಮಾದರಿಯಲ್ಲಿ ಸಂಸಾರ ಕೋಣೆಯ ಚೌಕಟ್ಟಿನ ಒಳ ಅಳತೆ 210 ಮಿ.ಮೀ. ಉದ್ದ, 145 ಮಿ.ಮೀ. ಎತ್ತರ. ಬೇರೆ ಬೇರೆ ಕಡೆಯಿಂದ ಬೇರೆ ಬೇರೆ ಅಳತೆಯ ಪೆಟ್ಟಿಗೆ ತಂದರೆ ಮುಂದೆ ಒಂದರ ಚೌಕಟ್ಟು ಇನ್ನೊಂದಕ್ಕೆ ಕೂರದೆ ತೊಂದರೆಯಾಗುತ್ತದೆ. ಹೊಸ ಪೆಟ್ಟಿಗೆಗೆ ಬಣ್ಣದ ವಾಸನೆ ಇರಬಾರದು. ಒಳಗೆ ಸ್ವಲ್ಪ ಜೇನುಮೇಣ ಸವರಿದರೆ ಒಳ್ಳೆಯದು.

ಉಳಿದಂತೆ ಬೇಕಾದುವು ಇವು: ಹೊಗೆತಿದಿ ಮತ್ತು ಒಣಗಿದ ತೆಂಗಿನ ಸಿಪ್ಪೆ, ಮುಖಪರದೆ, ಹರಿತವಾದ ಚಾಕು, ಉಳಿ ಮತ್ತು ಕೊಡಲಿ, ನೀರಿನಲ್ಲಿ ನೆನೆಸಿದ ಬಾಳೆನಾರು, ತುಪ್ಪದ ಎರಿ ಹಾಕಲು ಮುಚ್ಚಳವಿರುವ ಪಾತ್ರೆ, ಜೇನುನೊಣ ತೆಗೆಯಲು ಒಂದು ಅಡಿಕೆ ಹಾಳೆ, ರಾಣಿಗೆ ಒಂದು ಖಾಲಿ ಬೆಂಕಿಪೆಟ್ಟಿಗೆ, ರಾಣಿ ತಡೆ, ಕೈ ತೊಳೆಯಲು ನೀರು, ಟಾರ್ಚು. ಒಬ್ಬರೇ ಹೋಗಬಾರದು. ಹೊಗೆ ಹಾಕುವವರೊಬ್ಬರು, ಎರಿ ಕಟ್ಟುವವರೊಬ್ಬರು ಇರಬೇಕು. ಮೊದಲ ಸಲವಂತೂ ಅನುಭವವುಳ್ಳ ಜೇನು ಕೃಷಿಕರೊಬ್ಬರನ್ನು ಜೊತೆಗೆ ಕರೆದುಕೊಳ್ಳಬೇಕು.

ಹಿಂದೆ ಜೇನು ಚುಚ್ಚಿದಾಗ ಮೈಯೆಲ್ಲ ದದ್ದು ಎದ್ದವರು, ಉಸಿರು ಕಟ್ಟಿದವರು ಈ ಕೆಲಸಕ್ಕೆ ಬರಲೇಬಾರದು. ಚುಚ್ಚಿದ ಮುಳ್ಳನ್ನು ಹಿಂಡದೆ, ತಡಮಾಡದೆ ಉಗುರಿನಿಂದ ಕೆರೆದು ತೆಗೆಯಬೇಕು. ಯಾರಿಗಾದರೂ ಮುಖ, ನಾಲಗೆ ಊದಿಕೊಂಡರೆ ಅಥವಾ ತಲೆ ಸುತ್ತಿ ಉಸಿರಾಟ ಕಷ್ಟವಾದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಗೂಡು ಬಿಚ್ಚುವ ಕ್ರಮ

ಮಳೆಯಿಲ್ಲದ ದಿನ ಸಂಜೆ ನಾಲ್ಕು ಗಂಟೆಯ ಸುಮಾರಿಗೆ ಕೆಲಸ ಆರಂಭಿಸಬೇಕು. ಕತ್ತಲಾಗುವ ಹೊತ್ತಿಗೆ ಹೊರಗೆ ಹೋದ ಜೇನುಗಳೆಲ್ಲ ಮರಳಿರುತ್ತವೆ. ಮೊದಲು ದ್ವಾರಕ್ಕೆ ಎರಡು ಮೂರು ಸಲ ಮೆಲ್ಲಗೆ ಹೊಗೆ ಊದಿ ಸ್ವಲ್ಪ ಕಾಯಬೇಕು. ಹೊಗೆ ತಾಗಿದ ಜೇನು ತುಪ್ಪ ಕುಡಿದು ಹೊಟ್ಟೆ ತುಂಬಿಸಿಕೊಳ್ಳುತ್ತದೆ, ಸಿಟ್ಟು ಇಳಿಯುತ್ತದೆ. ಹೊಗೆ ಅತಿಯಾದರೆ ರಾಣಿ ಗಾಬರಿಗೊಂಡು ಪೊಟರೆಯ ಆಳಕ್ಕೆ ಸರಿಯುತ್ತಾಳೆ ಅಥವಾ ಹಾರಿಹೋಗುತ್ತಾಳೆ. ಎರಡರಿಂದಲೂ ನಮ್ಮ ಕೆಲಸ ಕೆಡುತ್ತದೆ.

ಉಳಿಯಿಂದ ಪೊಟರೆಯ ಬಾಯಿಯನ್ನು ಕೈ ಆಡುವಷ್ಟು ಅಗಲ ಮಾಡಿ, ಹೊರಗಿನ ಎರಿಯಿಂದ ಒಂದೊಂದಾಗಿ ಬುಡದಲ್ಲಿ ಕೊಯ್ದು ತೆಗೆಯಬೇಕು. ಸಾಮಾನ್ಯವಾಗಿ ಮೇಲ್ಭಾಗದಲ್ಲೂ ಅಂಚಿನ ಎರಿಗಳಲ್ಲೂ ತುಪ್ಪ, ನಡುವೆ ಮೊಟ್ಟೆ–ಮರಿ ಇರುತ್ತವೆ. ತುಪ್ಪದ ಭಾಗವನ್ನು ಕೊಯ್ದು ಕೂಡಲೇ ಪಾತ್ರೆಗೆ ಹಾಕಿ ಮುಚ್ಚಬೇಕು. ತುಪ್ಪದ ಎರಿಯನ್ನು ಚೌಕಟ್ಟಿಗೆ ಕಟ್ಟುವ ಆಸೆ ಹೊಸಬರಿಗೆ ಸಹಜ. ಆದರೆ ಅದು ಭಾರಕ್ಕೆ ಕುಸಿದು ಸೋರಿ ಜೇನುಗಳನ್ನು ಮುಳುಗಿಸುತ್ತದೆ, ಇರುವೆಗಳನ್ನು ಕರೆಯುತ್ತದೆ. ಜೇನು ಕಿತ್ತವನು ಕೈ ನೆಕ್ಕದಿರುವನೇ ಎಂಬ ಗಾದೆ ಸುಳ್ಳಲ್ಲ; ನೆಕ್ಕುವುದನ್ನು ಕೆಲಸ ಮುಗಿದ ಮೇಲೆ ಇಟ್ಟುಕೊಂಡರೆ ಆಯಿತು.

ಮರಿಯಿರುವ ಎರಿ ಚಿನ್ನಕ್ಕಿಂತ ಮಿಗಿಲು. ಅದನ್ನು ಚೌಕಟ್ಟಿನ ಅಳತೆಗೆ ಕತ್ತರಿಸಿ, ಮೇಲಿನ ಅಂಚು ಚೌಕಟ್ಟಿನ ಮೇಲ್ಪಟ್ಟಿಗೆ ತಾಗುವಂತೆ ನಿಲ್ಲಿಸಿ, ಎರಡು ಮೂರು ಕಡೆ ಬಾಳೆನಾರಿನಿಂದ ಸುತ್ತಿ ಕಟ್ಟಬೇಕು. ಗೂಡಿನಲ್ಲಿ ಮೇಲಿದ್ದ ಭಾಗ ಇಲ್ಲಿಯೂ ಮೇಲೆಯೇ ಇರಬೇಕು, ತಲೆಕೆಳಗಾಗಬಾರದು. ಎರಿಯ ಕೋಣೆಗಳು ಬಾಯಿಯ ಕಡೆ ತುಸು ಮೇಲಕ್ಕೆ ಓರೆಯಾಗಿರುತ್ತವೆ. ಇಂಥ ಮೂರು ನಾಲ್ಕು ಚೌಕಟ್ಟುಗಳು ಸಾಕು. ಅವುಗಳನ್ನು ಪೆಟ್ಟಿಗೆಯ ನಡುವೆ ಒತ್ತಟ್ಟಿಗೆ ಇಟ್ಟು, ಖಾಲಿ ಚೌಕಟ್ಟುಗಳನ್ನು ಪಕ್ಕಕ್ಕೆ ಇಡಬೇಕು. ಮರಿಗಳಿಗೆ 34–35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕಾದುದರಿಂದ ತೆಗೆದ ಎರಿಯನ್ನು ಗಾಳಿಗೊಡ್ಡಿ ಹರಡಿ ಇಟ್ಟುಕೊಳ್ಳದೆ ಒಂದೊಂದನ್ನೇ ಕಟ್ಟಿ ಕೂಡಲೇ ಒಳಗಿಡಬೇಕು.

ರಾಣಿ

ಎರಿಗಳು ಹೊರಬಂದ ಮೇಲೆ ಜೇನುಗಳು ಪೊಟರೆಯ ಮೇಲ್ಭಾಗದಲ್ಲಿ ಗೊಂಚಲುಗಟ್ಟುತ್ತವೆ. ಹಾಳೆಯನ್ನು ಗೊಂಚಲಿನ ಕೆಳಗೆ ಹಿಡಿದು, ಕೈಯಿಂದ ಮೃದುವಾಗಿ ಜಾರಿಸಿ, ಪೆಟ್ಟಿಗೆಯ ಚೌಕಟ್ಟುಗಳ ಮೇಲೆ ಸುರಿಯಬೇಕು. ಈ ಹೊತ್ತಿನಲ್ಲಿ ಕಣ್ಣು ರಾಣಿಯ ಮೇಲಿರಬೇಕು. ರಾಣಿ ಉಳಿದ ಜೇನುಗಳಿಗಿಂತ ಉದ್ದ, ಬಣ್ಣ ಗಾಢ; ರೆಕ್ಕೆ ಹೊಟ್ಟೆಯ ಅರ್ಧವನ್ನಷ್ಟೇ ಮುಚ್ಚಿದಂತೆ ಕಾಣುತ್ತದೆ. ಸಿಕ್ಕರೆ ನಾಲ್ಕೈದು ಜೇನುಗಳೊಂದಿಗೆ ಬೆಂಕಿಪೆಟ್ಟಿಗೆಯೊಳಗೆ ಬಿಟ್ಟು, ಗಾಳಿಯಾಡುವಷ್ಟು ಸಂದು ಉಳಿಸಿ, ಚೌಕಟ್ಟುಗಳ ನಡುವೆ ಇಡಬೇಕು. ಹೊಟ್ಟೆ ಹಿಡಿದು ಅಮುಕಬಾರದು.

ರಾಣಿ ಕಾಣಲಿಲ್ಲವೆಂದು ಎದೆಗುಂದಬೇಕಾಗಿಲ್ಲ. ಆಕೆ ಪೆಟ್ಟಿಗೆಯೊಳಗೆ ಸೇರಿದ್ದರೆ ಜೇನುಗಳೇ ತಿಳಿಸುತ್ತವೆ. ದ್ವಾರದಲ್ಲಿ ನಿಂತು ಹಿಂಭಾಗ ಎತ್ತಿ ರೆಕ್ಕೆ ಬಡಿಯುತ್ತಾ ಉಳಿದವರನ್ನು ಕರೆಯುತ್ತವೆ, ಹೊರಗಿದ್ದವು ಸಾಲಾಗಿ ಒಳಗೆ ನಡೆಯುತ್ತವೆ. ಅದಾಗದೆ ಜೇನುಗಳು ಪೊಟರೆಗೇ ಮರಳುತ್ತಿದ್ದರೆ ರಾಣಿ ಅಲ್ಲಿಯೇ ಇದ್ದಾಳೆಂದು ತಿಳಿದು ಮತ್ತೆ ಹುಡುಕಬೇಕು. ರಾಣಿಯಿದ್ದ ಪೆಟ್ಟಿಗೆಯ ದ್ವಾರಕ್ಕೆ ರಾಣಿ ತಡೆ ಹಾಕಿ, ಪೊಟರೆಯನ್ನು ಕಲ್ಲು–ಮಣ್ಣಿನಿಂದ ಭದ್ರವಾಗಿ ಮುಚ್ಚಬೇಕು.

ಸ್ಥಳಾಂತರ

ತುಡುವೆ ಸಾಮಾನ್ಯವಾಗಿ ಒಂದು–ಒಂದೂವರೆ ಕಿ.ಮೀ. ಒಳಗೆ ಮೇಯುತ್ತದೆ, ಆ ದಾರಿಗಳನ್ನೆಲ್ಲ ನೆನಪಿಟ್ಟುಕೊಂಡಿರುತ್ತದೆ. ಪೆಟ್ಟಿಗೆಯನ್ನು ಅದೇ ತೋಟದ ಮತ್ತೊಂದು ಮೂಲೆಗೆ ಒಯ್ದರೆ ಮೇಯುವ ಜೇನುಗಳೆಲ್ಲ ಮರುದಿನ ಹಳೆಯ ಪೊಟರೆಗೇ ಹೋಗಿ ಸುತ್ತಾಡಿ ಸಾಯುತ್ತವೆ. ಆದುದರಿಂದ ಹೊಸ ಜಾಗ ಎರಡು ಮೂರು ಕಿ.ಮೀ. ಆಚೆಗಿದ್ದರೆ ಅದೇ ರಾತ್ರಿ ದ್ವಾರಕ್ಕೆ ಗಾಳಿಯಾಡುವ ಜಾಲರಿ ಕಟ್ಟಿ ಒಯ್ಯಬಹುದು. ಹತ್ತಿರದಲ್ಲೇ ಇಡಬೇಕೆಂದಿದ್ದರೆ ದೂರದ ಸ್ನೇಹಿತರ ತೋಟದಲ್ಲಿ ಮೂರು ವಾರ ಇಟ್ಟು ಮರಳಿ ತರಬೇಕು. ಇಲ್ಲವೇ ಪೊಟರೆಯ ಬಳಿಯೇ ನೆಲೆಯೂರಲು ಬಿಟ್ಟು ದಿನಕ್ಕೆ ಎರಡು ಮೂರು ಅಡಿಯಂತೆ ಸರಿಸುತ್ತಾ ಬರಬೇಕು.

ಪೆಟ್ಟಿಗೆ ಇಡುವ ಜಾಗದಲ್ಲಿ ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು, ಹತ್ತಿರದಲ್ಲಿ ನೀರು ಇರಬೇಕು. ಕೂಲಿಯವರು ಓಡಾಡುವ ದಾರಿಗೆ ದ್ವಾರ ಮುಖ ಮಾಡಿರಬಾರದು. ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಕಡ್ಡಾಯ. ಇರುವೆ ಹೊಕ್ಕ ಪೆಟ್ಟಿಗೆಯಲ್ಲಿ ತುಡುವೆ ನಿಲ್ಲುವುದಿಲ್ಲ.

ಮೊದಲ ತಿಂಗಳು

ಎಲ್ಲ ಸರಿಯಾಗಿ ಮಾಡಿದ ಮೇಲೂ ಹೊಸಬರು ಸೋಲುವುದು ಇಲ್ಲಿಯೇ. ತುಡುವೆಗೆ ಜಾಗ ಹಿಡಿಸದಿದ್ದರೆ ಇದ್ದುದೆಲ್ಲವನ್ನೂ ಬಿಟ್ಟು ಹಾರಿಹೋಗುವ ಗುಣವಿದೆ. ದಿನಕ್ಕೆ ಎರಡು ಸಲ ಮುಚ್ಚಳ ತೆಗೆದು ನೋಡುವ ಕುತೂಹಲವೇ ಇದಕ್ಕೆ ಎಷ್ಟೋ ಸಲ ಕಾರಣ. ಮೊದಲ ನಾಲ್ಕು ದಿನ ಪೆಟ್ಟಿಗೆಯನ್ನು ತೆರೆಯಲೇಬಾರದು. ಹೊರಗಿನಿಂದ ದ್ವಾರವನ್ನು ನೋಡಿದರೆ ಸಾಕು. ಕಾಲಿನಲ್ಲಿ ಹಳದಿ ಪರಾಗದ ಉಂಡೆ ಹೊತ್ತು ಜೇನು ಒಳಹೋಗುತ್ತಿದ್ದರೆ ಒಳಗೆ ಮರಿಗಳಿವೆ, ಸಂಸಾರ ನಡೆಯುತ್ತಿದೆ ಎಂದರ್ಥ.

ಸಮಭಾಗ ಸಕ್ಕರೆ ಮತ್ತು ನೀರಿನ ಪಾಕವನ್ನು, ತಣ್ಣಗಾದ ಮೇಲೆ, ಪ್ರತಿ ಸಂಜೆ ಸ್ವಲ್ಪ ಸ್ವಲ್ಪ ಒಂದು ವಾರ ಕೊಡಬೇಕು. ಹಗಲಿನಲ್ಲಿ ಕೊಟ್ಟರೆ, ಹೊರಗೆ ಚೆಲ್ಲಿದರೆ ಬೇರೆ ಗೂಡಿನ ಜೇನುಗಳು ದರೋಡೆಗೆ ಬರುತ್ತವೆ. ಐದನೆಯ ದಿನ ಸಂಜೆ ತೆರೆದು, ರಾಣಿ ಬೆಂಕಿಪೆಟ್ಟಿಗೆಯಲ್ಲಿದ್ದರೆ ಅದನ್ನು ಮೊದಲ ರಾತ್ರಿಯೇ ಸಂದು ಅಗಲ ಮಾಡಿ ಬಿಟ್ಟಿದ್ದೀರೆಂದು ಖಚಿತಪಡಿಸಿಕೊಂಡು, ಎರಿಗಳು ಮೇಲ್ಪಟ್ಟಿಗೆ ಅಂಟಿವೆಯೇ ನೋಡಬೇಕು. ಅಂಟಿದ್ದರೆ ನಾರನ್ನು ಕತ್ತರಿಸಿ ತೆಗೆಯಬೇಕು. ಹೊಸ ಮೊಟ್ಟೆ ಕಂಡರೆ ಒಂದು ವಾರದೊಳಗೆ ರಾಣಿ ತಡೆಯನ್ನೂ ತೆಗೆಯಬೇಕು. ಅದು ಬಾಗಿಲ ಚಿಲಕವಷ್ಟೇ, ನೆಮ್ಮದಿಯಲ್ಲ. ಇರುವೆ, ಹಸಿವು, ಬಿಸಿಲುಗಳನ್ನು ನಿವಾರಿಸದೆ ಚಿಲಕ ಹಾಕಿದರೆ ಕುಟುಂಬ ಒಳಗೇ ಕೊರಗುತ್ತದೆ.

ರಾಣಿ ಕಳೆದುಹೋಗಿದ್ದು, ಎರಿಯಲ್ಲಿ ಮೊಟ್ಟೆ ಅಥವಾ ಎಳೆಯ ಮರಿಗಳಿದ್ದರೆ ಜೇನುಗಳೇ ಹೊಸ ರಾಣಿಯನ್ನು ಬೆಳೆಸಿಕೊಳ್ಳುತ್ತವೆ. ಮರಿ ಎರಿಯನ್ನು ಚಿನ್ನವೆಂದು ನಾವು ಕರೆದುದು ಇದಕ್ಕಾಗಿ. ಮೊಟ್ಟೆಯಿಂದ ರಾಣಿ ಹೊರಬರಲು 15–16 ದಿನ. ಆಕೆ ಹೊರಗೆ ಹಾರಿ ಗಂಡುಜೇನುಗಳೊಡನೆ ಕೂಡಿ ಬಂದು ಮೊಟ್ಟೆಯಿಡಲು ಇನ್ನೂ ಒಂದೆರಡು ವಾರ. ಈ ಅವಧಿಯಲ್ಲಿ ರಾಣಿ ತಡೆ ಇರಲೇಬಾರದು. ಇದ್ದರೆ ಆಕೆ ಕನ್ಯೆಯಾಗಿಯೇ ಉಳಿದು ಕುಟುಂಬ ನಾಶವಾಗುತ್ತದೆ. ರಾಣಿಯೂ ಇಲ್ಲ, ಮೊಟ್ಟೆ–ಮರಿಯೂ ಇಲ್ಲ ಎಂದಾದರೆ ಆ ಜೇನುಗಳನ್ನು ಮತ್ತೊಂದು ಪೆಟ್ಟಿಗೆಯ ಕುಟುಂಬದೊಡನೆ ನಡುವೆ ಸಣ್ಣ ತೂತುಗಳಿರುವ ವೃತ್ತಪತ್ರಿಕೆಯ ಹಾಳೆಯಿಟ್ಟು ಸೇರಿಸುವುದೇ ದಾರಿ.

ಹದಿನೈದು ದಿನಕ್ಕೊಮ್ಮೆ ತಳಹಲಗೆಯ ಕಸ ಗುಡಿಸಬೇಕು. ಮೇಣದ ಹುಳು ಆ ಕಸದಲ್ಲೇ ಬೆಳೆಯುತ್ತದೆ. ಮೊದಲ ವರ್ಷ ತುಪ್ಪದ ಆಸೆ ಬೇಡ. ಹೆಚ್ಚಾಗಿ ಬಂದರೆ ತುಪ್ಪದ ಕೋಣೆಯಿಂದ ಮಾತ್ರ ತೆಗೆದು, ಸಂಸಾರ ಕೋಣೆಯದನ್ನು ಮಳೆಗಾಲಕ್ಕೆ ಬಿಡಬೇಕು. ಕಾಫಿ ಅರಳಿರುವಾಗ ಕೀಟನಾಶಕ ಸಿಂಪಡಿಸಬಾರದು. ಪಕ್ಕದ ತೋಟದವರಿಗೂ ಪೆಟ್ಟಿಗೆ ಇಟ್ಟಿರುವ ವಿಷಯ ತಿಳಿಸಿ, ಸಿಂಪಡಣೆಗೆ ಮುಂಚೆ ಹೇಳುವಂತೆ ವಿನಂತಿಸಿಕೊಳ್ಳಬೇಕು. ನಾವು ಸಾಕಿದ ಜೇನು ಬೇಲಿ ನೋಡಿ ಮೇಯುವುದಿಲ್ಲ.

ಕೊನೆಯ ಮಾತು

ಗೂಡು ಬಿಚ್ಚಲು ಧೈರ್ಯ ಸಾಲದವರಿಗೆ ಇನ್ನೊಂದು ಸುಲಭ ದಾರಿಯಿದೆ. ಒಳಗೆ ಮೇಣ ಸವರಿದ ಹಳೆಯ ಪೆಟ್ಟಿಗೆ ಅಥವಾ ಮಡಕೆಯನ್ನು ಅಕ್ಟೋಬರ್ ನಂತರ ತೋಟದ ಮರದ ಕವಲಿನಲ್ಲಿ, ನೆರಳಿನಲ್ಲಿ ಕಟ್ಟಿಟ್ಟರೆ ಪಾಲಾಗಿ ಬಂದ ಜೇನು ತಾನಾಗಿಯೇ ಬಂದು ಸೇರುವುದುಂಟು. ಪೊಟರೆಯ ಗೂಡೂ ಉಳಿಯಿತು, ಪೆಟ್ಟಿಗೆಯೂ ತುಂಬಿತು. ಹಾಗೆ ಪಾಲಾಗಿ ಬರಲು ಪೊಟರೆಯ ಗೂಡುಗಳು ಉಳಿದಿರಬೇಕಷ್ಟೆ. ಆದುದರಿಂದ ಮರಕಸಿಗೆ ಆಳುಗಳನ್ನು ಮರ ಹತ್ತಿಸುವ ಮುಂಚೆ ಸದಸ್ಯ ಬಂಧುಗಳು ಒಂದು ಮಾತು ಹೇಳಿಡಬೇಕೆಂದು ನಮ್ಮ ಕೋರಿಕೆ: ಜೇನು ಕಂಡರೆ ಸೂಡಿ ಹಚ್ಚಬೇಡಿ, ಮೊದಲು ನಮಗೆ ತಿಳಿಸಿ.